ಐದೇ ಭಾಗಾಕಾರ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಬಂದ ಗಣಿತದ ಬರಹವೊಂದರಲ್ಲಿ, 2, 3, 5, 7 ಮತ್ತು 11ರಿಂದ ಭಾಗ ಹೋಗದ ಸಂಖ್ಯೆಯನ್ನು ಅವಿಭಾಜ್ಯವೆಂದೇ ತಿಳಿಯಬಹುದು ಎಂದು ಹೇಳಲಾಗಿದೆ. 12ರಿಂದ 168ರವರೆಗೆ ಈ ಮಾತು ಸರಿ. ಮುಂದಿನ ಸಂಖ್ಯೆಯಾದ 169, 13ರ ವರ್ಗವಾದ್ದರಿಂದ, ಅಲ್ಲಿಗೇ ನಿಯಮ ಮುರಿದುಬೀಳುತ್ತದೆ.

ದೊಡ್ಡ ಸಂಖ್ಯೆಗಳಲ್ಲಿ ಇದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ 4,29,49,67,297 ಒಳ್ಳೆಯ ನಿದರ್ಶನ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ ಇದು. ಇದು ಬೆಸಸಂಖ್ಯೆ, ಅಂಕಿಗಳ ಮೊತ್ತ 59 ಆದ್ದರಿಂದ 3ರಿಂದ ಭಾಗ ಹೋಗದು, ಕೊನೆಯ ಅಂಕಿ 7 ಆದ್ದರಿಂದ 5ರಿಂದಲೂ ಇಲ್ಲ, 7ರಿಂದ ಭಾಗಿಸಿದರೂ 11ರಿಂದ ಭಾಗಿಸಿದರೂ 5 ಉಳಿಯುತ್ತದೆ. ಇದೇ ಬಗೆಯಲ್ಲಿ, 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದಾಗ, ಇದಕ್ಕೆ ಮೊದಲು ಬರುವ 3, 5, 17, 257, 65,537 ಐದೂ ಅವಿಭಾಜ್ಯಗಳಾಗಿರುವುದನ್ನು ಕಂಡ ಫ್ರಾನ್ಸಿನ ಗಣಿತಜ್ಞ ಫರ್ಮಾ, ಪುರಾವೆ ಕೈಯಲ್ಲಿಲ್ಲದಿದ್ದರೂ, ಮುಂದಿನವೂ ಹಾಗೆಯೇ ಇರುತ್ತವೆಂದು 1640ರಲ್ಲಿ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್, 4,29,49,67,297 ಎಂಬ ಈ ಸಂಖ್ಯೆ 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿದರು.

ಇದರ ಯಾವುದೇ ಅವಿಭಾಜ್ಯ ಅಪವರ್ತನವು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಹೆಚ್ಚಿರಲೇಬೇಕೆಂಬುದು ಆಯ್ಲರ್ ಕಂಡುಕೊಂಡ ಅಂಶ. ಹಾಗಾಗಿ ಪರೀಕ್ಷಿಸಬೇಕಾದವು 193, 257, 449, 577, 641. ಐದನೆಯದರಲ್ಲೇ ಉತ್ತರ ಸಿಗುತ್ತದೆ. ಈ ಜಾಣ್ಮೆ ಇಲ್ಲದಿದ್ದರೂ, ಅವಿಭಾಜ್ಯಗಳನ್ನು 2ರಿಂದ ಸಾಲಾಗಿ ತೆಗೆದುಕೊಂಡರೆ 641 ಬರುವುದು 116ನೆಯದಾಗಿ. ತಾಳ್ಮೆಯಿದ್ದವರಿಗೆ ಒಂದೆರಡು ಮಧ್ಯಾಹ್ನಗಳ ಕೆಲಸ. ಫರ್ಮಾ ಅಷ್ಟು ದೂರ ಏಕೆ ಹೋಗಲಿಲ್ಲವೋ ಎಂದು ನನಗೆ ಇಂದಿಗೂ ಅಚ್ಚರಿ.

641ರಿಂದ ಭಾಗ ಹೋಗುತ್ತದೆಂದು ತಿಳಿಯಲು ಉದ್ದನೆಯ ಭಾಗಾಕಾರವೂ ಬೇಡ. 641 ಎಂದರೆ 5×128+1, ಹಾಗೆಯೇ 625+16. ಮೊದಲನೆಯದರಿಂದ, 5 ಮತ್ತು 2ರ 7ನೇ ಘಾತದ ಗುಣಲಬ್ಧಕ್ಕೆ 641ರ ಲೆಕ್ಕದಲ್ಲಿ ಶೇಷ −1, ಅಂದರೆ ಪೂರ್ತಿ ಭಾಗ ಹೋಗಲು 1 ಕಡಿಮೆ. ಅದರ ನಾಲ್ಕನೇ ಘಾತ, ಅಂದರೆ 625 ಮತ್ತು 2ರ 28ನೇ ಘಾತದ ಗುಣಲಬ್ಧಕ್ಕೆ, ಶೇಷ 1. ಎರಡನೆಯದರಿಂದ 625ರ ಬದಲು −16 ಇಡಬಹುದು. 16 ಎಂದರೆ 2ರ 4ನೇ ಘಾತವಾದ್ದರಿಂದ, 2ರ 32ನೇ ಘಾತಕ್ಕೆ ಶೇಷ −1 ಎಂದಾಗುತ್ತದೆ. ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ. ಪ್ರೌಢಶಾಲೆಯ ಮಕ್ಕಳಿಗೂ ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಇದನ್ನು ತೋರಿಸಬಹುದು.

ಸಂಖ್ಯೆಯ ವರ್ಗಮೂಲವನ್ನು ಮೀರದ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕೆಂಬ ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಶಿಕ್ಷಕ, ಶಿರಸಿ