ಅಟ್ಟದ ಮೇಲಿನ ಡ್ರಮ್ ಸೆಟ್ ಬಗ್ಗೆ ತಮ್ಮನಿಗೆ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಕಮ್ಮಿಯಾಗಿದೆ ಅಂತ ಓದಿ ಸಮಾಧಾನವಾಯ್ತು. ನೀನು ಕಳಿಸಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಚಿಕ್ಕಪ್ಪನ ಆರ್ಕೆಸ್ಟ್ರಾ ಕಾಲದ ಆ ಡ್ರಮ್ ಸೆಟ್ಟನ್ನ ಮಾರೋದಾ, ಗುಜರಿಗೆ ಹಾಕೋದಾ, ಪುಟ್ಟಿಗೆ ಕಲಿಯೋಕೆ ಇಟ್ಟುಕೊಳ್ಳೋದಾ ಅಂತ ಕೇಳಿದ್ದೀಯ. ಇಟ್ಟುಕೋ. ಹೆಸರಿಲ್ಲದ ಕಂಪನಿ, ಮೆದು ಮರದ ಪ್ಲೈವುಡ್ಡು, ಮೇಲೆ ಪ್ಲಾಸ್ಟಿಕ್ ಹಾಳೆ. ಇಂಥ ಸೆಟ್ಟಿಗೆ ಇಲ್ಲೂ ಯಾರೂ ದುಡ್ಡು ಕೊಡಲ್ಲ. ಕಲಿಯೋ ಮಗುವಿನ ಕೈಗೆ ಮಾತ್ರ ಧಾರಾಳವಾಗಿ ಸಾಕು.

ಆದರೆ ಎಲ್ಲ ಹೊಸದು ಮಾಡ್ತೀನಿ ಅಂತ ಹೊರಡಬೇಡ. ಐದು ಡ್ರಮ್ಮಿಗೆ ಮೇಲೆ ಕೆಳಗೆ ಸೇರಿ 10 ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯೋ ಹೊದಿಕೆ) ಬೇಕು. ಅಷ್ಟನ್ನೂ ಒಳ್ಳೆ ಕಂಪನಿಯದ್ದೇ ಕೊಂಡರೆ ಸೆಟ್ಟಿನ ಬೆಲೆಗಿಂತ ಹೆಚ್ಚಾಗುತ್ತೆ. ನಾಳೆ ಅವಳು ಇನ್ನೊಂದು ಸೆಟ್ಟಿಗೆ ಹೋದಾಗ ಜೊತೆಗೆ ಒಯ್ಯಬಹುದಾದ್ದಕ್ಕೆ ದುಡ್ಡು ಹಾಕು: ಪೆಡಲ್, ಸ್ಟೂಲ್, ಹೈ-ಹ್ಯಾಟ್ ಸಿಂಬಲ್ (ಕಾಲಲ್ಲಿ ಮುಚ್ಚಿ ತೆರೆಯೋ ತಾಳದಂಥ ಜೋಡಿ). ಶೆಲ್ಲುಗಳಿಗೆ, ಅಂದರೆ ಡ್ರಮ್ಮಿನ ಮರದ ದುಂಡು ಒಡಲಿಗೆ, ಬರೀ ಕೈಕೆಲಸ ಸಾಕು.

ಮೊದಲು ಶೆಲ್ ಚೆನ್ನಾಗಿದೆಯಾ ನೋಡು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೆಡ್ ಬಿಚ್ಚುವಾಗ ಒಂದೇ ರಾಡನ್ನ (ಹೆಡ್ ಬಿಗಿಯೋ ಉದ್ದ ಸ್ಕ್ರೂ) ಪೂರ್ತಿ ಬಿಚ್ಚಬೇಡ, ರಿಮ್ (ಹೆಡ್ಡನ್ನ ಒತ್ತಿ ಹಿಡಿಯೋ ಬಳೆ) ಸೊಟ್ಟಗಾಗುತ್ತೆ. ಡ್ರಮ್ ಕೀಲಿಯಿಂದ ಎಲ್ಲ ರಾಡನ್ನೂ ಅರ್ಧರ್ಧ ಸುತ್ತು ಸಡಿಲ ಮಾಡುತ್ತಾ ಬಾ. ಬರೀ ಶೆಲ್ಲನ್ನ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಬೋರಲು ಹಾಕಿ, ದೀಪ ಆರಿಸಿ, ಒಳಗೆ ಟಾರ್ಚ್ ಇಟ್ಟು ನೋಡು. ಅಂಚಿನ ಕೆಳಗೆ ಎಲ್ಲಿ ಬೆಳಕು ಸೋರುತ್ತೋ ಅಲ್ಲಿ ಹೆಡ್ ಕೂರಲ್ಲ. ಎಷ್ಟು ಟ್ಯೂನ್ ಮಾಡಿದರೂ ಅಲ್ಲಿ ಅಪಸ್ವರವೇ. ಕಾಗದದಷ್ಟು ಸಂದಿಯಾದರೆ ಬಿಡು. ಹೆಚ್ಚಿದ್ದರೆ 150 ನಂಬರಿನ ಸ್ಯಾಂಡ್‌ಪೇಪರ್ ಹಾಳೆಗಳನ್ನ ಕಟ್ಟೆಗೇ ಟೇಪ್ ಹಾಕಿ ಅಂಟಿಸಿ, ಶೆಲ್ಲನ್ನ ಎರಡೂ ಕೈಲಿ ಹಿಡಿದು, ಒಂದೇ ಕಡೆ ಒತ್ತದೆ ಮೆಲ್ಲಗೆ ತಿರುಗಿಸು. ನಾಲ್ಕೈದು ಸುತ್ತಿಗೊಮ್ಮೆ ಮತ್ತೆ ಟಾರ್ಚ್ ಹಿಡಿ. ಬೆಳಕು ನಿಂತ ಕೂಡಲೇ ನಿಲ್ಲಿಸಿ 240ರಲ್ಲಿ ನಯ ಮಾಡು. ಉಜ್ಜಿದ್ದರಿಂದ ಅಂಚಿನ ತುದಿ ಅಗಲವಾಗಿರುತ್ತೆ. ಅದನ್ನ ಕೈಯಲ್ಲೇ ಓರೆಯಾಗಿ ತಿಕ್ಕಿ 1–2 ಮಿ.ಮೀ.ಗೆ ತಂದು, ಮೇಣದಬತ್ತಿ ಸವರಿಬಿಡು. ಹೆಡ್ ಜಾರಿ ಕೂರುತ್ತೆ.

ನಮ್ಮ ಕಡೆ ಮಳೆಗೆ ಪ್ಲೈ ಪದರ ಬಿಟ್ಟಿರೋದೇ ಹೆಚ್ಚು. ಬೆರಳ ಗೆಣ್ಣಲ್ಲಿ ಶೆಲ್ಲಿನ ಸುತ್ತ ತಟ್ಟಿ ನೋಡು, ಪದರ ಬಿಟ್ಟ ಕಡೆ ಸದ್ದು ಮಂಕಾಗಿರುತ್ತೆ. ಅಲ್ಲಿಗೆ ತೆಳು ಬ್ಲೇಡಿನಿಂದ ಫೆವಿಕಾಲ್ ತೂರಿಸಿ, ಎರಡೂ ಕಡೆ ಮರದ ತುಂಡಿಟ್ಟು ಬಡಗಿಯ ಸಿ-ಕ್ಲಾಂಪಿನಲ್ಲಿ ಒಂದು ದಿನ ಬಿಗಿ. ಶೆಲ್ ಪೂರ್ತಿ ಒಣಗಿದ ಮೇಲೆಯೇ ಈ ಕೆಲಸ. ತೇವವಿರುವಾಗ ಅಂಟಿಸಿದರೆ ಬೇಸಿಗೆಗೆ ಮತ್ತೆ ಬಿಡುತ್ತೆ.

ಆಮೇಲೆ ಪ್ರತಿ ಶೆಲ್ಲಿನ ವ್ಯಾಸವನ್ನ ನಾಲ್ಕು ದಿಕ್ಕಿನಲ್ಲಿ ಅಳೆ. 12 ಇಂಚಿನದು ಸುಮಾರು 305 ಮಿ.ಮೀ., 14 ಅಂದರೆ 356, 16 ಅಂದರೆ 406, 22 ಅಂದರೆ 559. ಶೆಲ್ ಇದಕ್ಕಿಂತ ತುಸು ಕಮ್ಮಿಯೇ ಇರಬೇಕು. ನಾಲ್ಕು ಅಳತೆಗಳ ನಡುವೆ 4–5 ಮಿ.ಮೀ. ವ್ಯತ್ಯಾಸ ಬಂದರೆ ಆ ಡ್ರಮ್ ಅಂಡಾಕಾರಕ್ಕೆ ತಿರುಗಿದೆ ಅಂತ ಲೆಕ್ಕ. ಅದಕ್ಕೆ ಖರ್ಚು ಮಾಡಬೇಡ.

ಒಂಬತ್ತು ವರ್ಷದ ಪುಟ್ಟಿಗೆ ಬಾಸ್ ಡ್ರಮ್ಮಿನ (ಪೆಡಲ್ಲಿನಿಂದ ಒದೆಯೋ ದೊಡ್ಡದು) ಮೇಲೆ ಎರಡು ಟಾಮ್ (ಚಿಕ್ಕ ಡ್ರಮ್) ಬೇಡವೇ ಬೇಡ. 22ರ ಬಾಸ್ ಡ್ರಮ್ಮಿನ ಮೇಲೆ 13ರ ಟಾಮ್ ಕೂತರೆ ಅವಳಿಗೆ ತೀರಾ ಎತ್ತರವಾಗುತ್ತೆ. ಬಾಸ್, ಸ್ನೇರ್ (ಕೆಳಗೆ ತಂತಿಪಟ್ಟಿ ಇರೋ ಡ್ರಮ್), 12ರ ಟಾಮ್, ನೆಲದ ಮೇಲೆ ನಿಲ್ಲುವ 16ರದ್ದು, ನಾಲ್ಕು ಸಾಕು. 13ರದ್ದನ್ನ ಬಿಡಿಭಾಗಗಳಿಗೆ ಬಿಚ್ಚಿಡು. ಫೋಟೋದಲ್ಲಿ ಅದಕ್ಕೆ ಮೇಲೆ 6, ಕೆಳಗೆ 6 ಲಗ್ (ರಾಡು ಕೂರೋ ಲೋಹದ ಗೂಡು) ಕಾಣ್ತಿದೆ. ಸ್ನೇರಿನಲ್ಲಿ ಇಲ್ಲದ ಎರಡು ರಾಡು ಅಲ್ಲೇ ಸಿಗಬಹುದು, ಉದ್ದ ಮಾತ್ರ ಹೋಲಿಸಿ ನೋಡು. ಅಂಗಡಿಗೆ ಹೋಗೋದಾದರೆ ಹಳೇ ರಾಡನ್ನ ಕೈಲಿ ಹಿಡಿದೇ ಹೋಗು. ಹೆಚ್ಚಿನವು 7/32 ಇಂಚು ದಪ್ಪ, ಇಂಚಿಗೆ 24 ಸುತ್ತಿನ ಮರೆ (ತಿರುಪಿನ ಗೆರೆ). 6 ಮಿ.ಮೀ. ಬೋಲ್ಟು ನೋಡೋಕೆ ಹಾಗೇ ಕಾಣುತ್ತೆ. ಅದನ್ನ ಒತ್ತಾಯದಿಂದ ತಿರುಗಿಸಿದರೆ ಲಗ್ಗಿನೊಳಗಿನ ನಟ್ಟಿನ ಮರೆ ಕಿತ್ತುಹೋಗುತ್ತೆ. ತುಕ್ಕು ಹಿಡಿದ ರಾಡುಗಳನ್ನ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಮರೆಗೆ ಚೂರು ಗ್ರೀಸ್ ಹಚ್ಚು. ಲಗ್ ಬಿಚ್ಚಿದಾಗ ಒಳಗೆ ಸ್ಪ್ರಿಂಗ್ ಇದ್ದರೆ ಅದಕ್ಕೆ ಹತ್ತಿ ಸುತ್ತು, ಇಲ್ಲದಿದ್ದರೆ ಪ್ರತಿ ಏಟಿಗೂ ಜುಂಯ್ ಅನ್ನುತ್ತೆ.

ಹೆಡ್‌ಗಳಲ್ಲಿ ಮೊದಲು ಸ್ನೇರಿನ ಮೇಲಿನದು, ಆಮೇಲೆ ಬಾಸಿನ ಒದೆಯೋ ಕಡೆಯದು. ಟಾಮ್‌ಗಳ ಕೆಳಗಿನವು ಹರಿದಿಲ್ಲ, ಇರಲಿ. ಸ್ನೇರಿನ ಕೆಳಗಿನ ಹೆಡ್ ತುಂಬ ತೆಳು, ಮೇಲಿನದ್ದನ್ನ ಅಲ್ಲಿಗೆ ಹಾಕಿದರೆ ತಂತಿ ಮಾತಾಡಲ್ಲ. ತಂತಿಪಟ್ಟಿಯನ್ನ ಸಮತಟ್ಟಾದ ಕಡೆ ಇಟ್ಟು ನೋಡು. ಒಂದೆರಡು ಎಳೆ ಸುರುಳಿ ಎದ್ದು ನಿಂತಿದ್ದರೆ ಕತ್ತರಿಸಿ ತೆಗೆ, ಅರ್ಧಕ್ಕರ್ಧ ಹಾಳಾಗಿದ್ದರೆ ಹೊಸದೇ ಹಾಕು.

ಟ್ಯೂನ್ ಮಾಡುವಾಗ ಎಲ್ಲ ರಾಡನ್ನೂ ಬೆರಳಲ್ಲೇ ಬಿಗಿಯುವಷ್ಟು ತಿರುಗಿಸಿ, ಆಮೇಲೆ ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು. ಸುಕ್ಕು ಹೋದ ಮೇಲೆ ರಿಮ್ಮಿನಿಂದ ಒಂದಿಂಚು ಒಳಗೆ ಪ್ರತಿ ರಾಡಿನ ಮುಂದೆ ಡ್ರಮ್ ಕಡ್ಡಿಯಿಂದ ಮೆಲ್ಲಗೆ ತಟ್ಟು. ಎಲ್ಲ ಕಡೆ ಒಂದೇ ಶ್ರುತಿ ಬರೋವರೆಗೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡ. ಈ ಕೆಲಸದಲ್ಲಿ ಪುಟ್ಟಿಯನ್ನ ಪಕ್ಕ ಕೂರಿಸಿಕೋ. ಬಾರಿಸೋದರಷ್ಟೇ ಇದೂ ಅವಳಿಗೆ ಬರಬೇಕು.

ಸಿಂಬಲ್‌ಗಳು ಹಿತ್ತಾಳೆಯವು, ಅದಕ್ಕೇ ಆ ಡಬ್ಬದ ಸದ್ದು. ಒಳ್ಳೆಯವು ತಾಮ್ರ ಮತ್ತು ತವರದ ಕಂಚು: 92ಕ್ಕೆ 8 ಇದ್ದರೆ ಕಲಿಯೋರಿಗೆ ಸಾಕು, 80ಕ್ಕೆ 20 ಮೇಲ್ದರ್ಜೆಯದು. ಮೊದಲು 14 ಇಂಚಿನ ಹೈ-ಹ್ಯಾಟ್ ಜೋಡಿ ಕಂಚಿನದ್ದು ತಗೋ, ಅವಳ ಬಲಗೈ ದಿನವೆಲ್ಲ ಇರೋದೇ ಅದರ ಮೇಲೆ. ದೊಡ್ಡ ಸಿಂಬಲ್ಲಿನ ನಡುವಿನ ತೂತು ಉದ್ದವಾಗಿ ಸವೆದಿದೆ, ಸ್ಟ್ಯಾಂಡಿನ ಕಬ್ಬಿಣಕ್ಕೆ ನೇರವಾಗಿ ತಾಗ್ತಿದ್ದದ್ದೇ ಕಾರಣ. ಸ್ಟ್ಯಾಂಡಿನ ಆ ಕಂಬಿಗೆ ಬಿಗಿಯಾಗಿ ಕೂರುವ ಸ್ಕೂಟರ್ ಪೆಟ್ರೋಲ್ ಪೈಪಿನ 3 ಸೆಂ.ಮೀ. ತುಂಡು ಹಾಕು. ಅಮ್ಮನಿಗೆ ಹೇಳು, ಹೊಳಪು ಬರಲಿ ಅಂತ ಹೊಸ ಸಿಂಬಲ್ಲಿಗೆ ಹುಣಸೆಹಣ್ಣು ಹಾಕಿ ತಿಕ್ಕೋದು ಬೇಡ. ಅಚ್ಚು ಹಾಕಿದ ಹೆಸರು ಅಳಿಸಿಹೋಗುತ್ತೆ, ಮುಂದೆ ಮಾರೋಕೆ ಬೇಕಾಗೋದು ಅದೇ.

ಸದ್ದಿನ ವಿಷಯ ಹಗುರವಾಗಿ ತಗೋಬೇಡ. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದಾದ ಕಿವಿ 100ರಲ್ಲಿ 15 ನಿಮಿಷ ಮಾತ್ರ ತಡೆಯುತ್ತೆ. ಸಣ್ಣ ಕೋಣೆಯಲ್ಲಿ ಡ್ರಮ್ ಸುಲಭವಾಗಿ 100 ಮುಟ್ಟುತ್ತೆ. ಕಾರ್ಖಾನೆಯವರು ಹಾಕೋ ಇಯರ್ ಮಫ್ ಮಕ್ಕಳ ಅಳತೆಯಲ್ಲೂ ಸಿಗುತ್ತೆ, ಅದಿಲ್ಲದೆ ಅವಳಿಗೆ ಡ್ರಮ್ ಕಡ್ಡಿ ಮುಟ್ಟೋಕೆ ಬಿಡಬೇಡ. ಬಾಸ್ ಡ್ರಮ್ಮಿನೊಳಗೆ ಒದೆಯೋ ಹೆಡ್ಡಿಗೆ ತಾಗುವ ಹಾಗೆ ಹಳೇ ದಿಂಬು, ಉಳಿದವುಗಳ ಮೇಲೆ ತೆಳು ಟವೆಲ್ ಹಾಕಿದರೆ ಪಕ್ಕದ ಮನೆಯವರೂ ಬೈಯಲ್ಲ.

ಡಿಸೆಂಬರಿನಲ್ಲಿ ಬರುವಾಗ 12, 14, 16ರ ಹೆಡ್‌ಗಳು, ಸ್ನೇರಿನ ತಂತಿ ತರ್ತೀನಿ. 22ರದ್ದು ಸೂಟ್‌ಕೇಸಿನಲ್ಲಿ ಹಿಡಿಸಲ್ಲ, ಬೆಂಗಳೂರಲ್ಲಿ ತಗೋ. ಅದಕ್ಕೂ ಮೊದಲು ಶೆಲ್ಲಿನ ಅಳತೆಗಳು, ಲಗ್ಗುಗಳ ಲೆಕ್ಕ, ಒಂದು ರಾಡನ್ನ ಸ್ಕೇಲಿನ ಪಕ್ಕ ಇಟ್ಟು ತೆಗೆದ ಫೋಟೋ ಕಳಿಸು. ಅಪ್ಪ ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ,
ಅಕ್ಕ