ಅಡುಗೆಮನೆ ಮಾರಾಟಕ್ಕಿದೆ

ಸ್ಟುಟ್‌ಗಾರ್ಟ್‌ನಲ್ಲಿ ನಮಗೆ ಸಿಕ್ಕ ಮೊದಲ ಬಾಡಿಗೆ ಮನೆಯ ಬಾಗಿಲು ತೆಗೆದು ಒಳಗೆ ಹೋದರೆ ಅಡುಗೆಮನೆಯೇ ಇರಲಿಲ್ಲ. ಕೋಣೆ ಇತ್ತು. ಗೋಡೆಯಿಂದ ಒಂದು ನೀರಿನ ಪೈಪು ಇಣುಕುತ್ತಿತ್ತು, ಪಕ್ಕದಲ್ಲಿ ಒಂದು ದಪ್ಪ ವೈರು. ಸಿಂಕ್ ಇಲ್ಲ, ಕಟ್ಟೆ ಇಲ್ಲ, ಒಲೆ ಇಲ್ಲ. ಹಿಂದೆ ಇದ್ದವರು ತಮ್ಮ ಅಡುಗೆಮನೆಯನ್ನು ಕೊಂಡುಕೊಳ್ಳುತ್ತೀರಾ ಎಂದು ಕೇಳಿದ್ದರು. ರೇಟು ಜಾಸ್ತಿ ಅಂತ ನಾವು ಬೇಡ ಅಂದಿದ್ದೆವು. ಸುಮ್ನೆ ಹೆದರಿಸುತ್ತಿದ್ದಾರೆ, ಕೊನೆಗೆ ಬಿಟ್ಟೇ ಹೋಗುತ್ತಾರೆ ಎಂಬುದು ನಮ್ಮನೆಯವರ ಲೆಕ್ಕ. ಆ ಪುಣ್ಯಾತ್ಮರು ಸ್ಕ್ರೂ ಬಿಚ್ಚಿ, ನಲ್ಲಿ ಸಮೇತ ಹೊತ್ತುಕೊಂಡು ಹೋಗಿದ್ದರು.

ಹೊಸದಾಗಿ ಬಂದವರಿಗೆ ಹೇಳುತ್ತೇನೆ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಮಂಚ, ಬೀರು ಇದ್ದ ಹಾಗೆ. ಬಾಡಿಗೆದಾರರು ತರಬೇಕು, ಹೋಗುವಾಗ ಒಯ್ಯಬೇಕು, ಇಲ್ಲವೇ ಮುಂದೆ ಬರುವವರಿಗೆ ಮಾರಬೇಕು. ಜಾಹೀರಾತಿನಲ್ಲಿ 'ಇ.ಬಿ.ಕೆ.' ಎಂಬ ಮೂರಕ್ಷರ ಇದ್ದರೆ ಮಾತ್ರ ಅಡುಗೆಮನೆ ಸಮೇತ ಎಂದರ್ಥ. ಆ ಮೂರಕ್ಷರ ಹುಡುಕಲು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನ ನೆಲದ ಮೇಲೆ ಒಂದು ಕರೆಂಟ್ ಒಲೆ ಇಟ್ಟು ಹಾಲು ಉಕ್ಕಿಸಿದೆವು. ವಿಡಿಯೋದಲ್ಲಿ ನೋಡುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಡುಗೆಮನೆ ಇಲ್ದೇ ಇರೋದನ್ನ ಮನೆ ಅಂತಾರೇನೇ?" ಅಂದರು.

ಅಮ್ಮನ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಭಾಷೆಯಲ್ಲಿ ಅಡುಗೆ ಮಾಡುವ ಜಾಗವೇ ಒಂದು ಮನೆ. ದೇವರಿಗೆ ಒಂದು ಮನೆ, ಬಚ್ಚಲಿಗೆ ಒಂದು ಮನೆ, ಮಧ್ಯದಲ್ಲಿ ನಡುಮನೆ. ಚೌಕಾಬಾರದ ಕಾಯಿ ಕೂರುವುದೂ ಮನೆಯಲ್ಲೇ, ಜಾತಕದ ಶನಿ ಬಂದು ವಕ್ಕರಿಸುವುದೂ ಮನೆಯಲ್ಲೇ. ಗಂಡನ ಹೆಸರು ಹೇಳಲು ನಾಚಿಕೆಯಾದರೆ 'ನಮ್ಮನೆಯವರು'. ಒಂದೇ ಪದವನ್ನು ಇಷ್ಟೆಲ್ಲ ಕೆಲಸಕ್ಕೆ ಹಚ್ಚಿರುವ ನಮಗೆ, ಮನೆ ಅಂದರೆ ಏನು ಎಂದು ಒಬ್ಬೊಬ್ಬರನ್ನೇ ಕೇಳಿದರೆ ಒಂದೇ ಉತ್ತರ ಸಿಗುತ್ತದೆಯೇ? ಇಲ್ಲಿನ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ನಾನು ಕೇಳಿಯೇ ನೋಡಿದೆ.

ವಿಜಯಪುರದ ಕಡೆಯ ಒಬ್ಬರು ಹೋಳಿಗೆ ಮುರಿಯುತ್ತಾ, "ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಮಲಗಿದ್ದು ಬಿಟ್ರ ಮನಿ ಅಂದ್ರ ನನಗ ಬ್ಯಾರೆ ಏನೂ ನೆನಪಾಗೂದಿಲ್ಲ ನೋಡ್ರಿ" ಅಂದರು. ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಅದರಿಂದ ಕೆಳಗೆ ಅಡುಗೆ ಮಾಡುವ ಅಜ್ಜಿಯ ತಲೆ ಕಾಣುತ್ತಿತ್ತಂತೆ. ಕೊಡಗಿನ ಗೆಳತಿಗೆ ಮನೆ ಅಂದರೆ ಐನ್‌ಮನೆ, ಅವರ ಒಕ್ಕದ, ಅಂದರೆ ಕುಲದ, ಮೂಲ ಮನೆ. ಅಲ್ಲಿ ಅವಳು ಒಂದು ತಿಂಗಳೂ ಪೂರ್ತಿ ಇದ್ದಿಲ್ಲ. ಆದರೆ ಅವರ ಒಕ್ಕದವರೆಲ್ಲ ಸುಗ್ಗಿಯ ಹಬ್ಬ ಪುತ್ತರಿಗೆ ಅಲ್ಲಿ ಸೇರುತ್ತಾರೆ, ಕುಲದ ಹಿರಿಯರಾದ ಕಾರಣವರ ಹೆಸರಿನಲ್ಲಿ ದೀಪ ಉರಿಯುತ್ತದೆ, ಅವಳ ಹೆಸರಿನ ಜೊತೆ ಬರುವುದೂ ಆ ಒಕ್ಕದ ಹೆಸರೇ. ಇರದಿದ್ದರೂ ಅದು ಮನೆ.

ಮಲೆನಾಡಿನವರೊಬ್ಬರು ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಅಂದರು. ಇಲ್ಲಿನ ಮನೆಗಳಲ್ಲಿ ಮಳೆ ಬಂದಿದ್ದೇ ಗೊತ್ತಾಗುವುದಿಲ್ಲ ಎಂಬುದು ಅವರ ದೂರು. ಅವರಿಗೆ ನಾನು ಒಂದು ವಿಷಯ ಹೇಳಿದೆ. ಆ ಹಂಚಿಗೂ ನಾವಿರುವ ಈ ಸೀಮೆಗೂ ನಂಟಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದರ ಹಿಂದೆ ಇದ್ದದ್ದು ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ಆದರೂ ಅದರ ಪಾದ್ರಿಗಳಲ್ಲಿ ಬಹಳಷ್ಟು ಮಂದಿ ನಮ್ಮ ಈ ವ್ಯೂರ್ಟೆಂಬರ್ಗ್ ಸೀಮೆಯವರೇ. ಮಣ್ಣು ಮಾತ್ರ ನಮ್ಮ ಹೊಳೆಗಳ ದಡದ್ದು. "ಹಾಗಾದರೆ ನಮ್ಮ ಮಾಡು ಅರ್ಧ ಇಲ್ಲಿಂದಲೇ ಬಂದದ್ದು ಅನ್ನಿ" ಎಂದು ಅವರು ನಕ್ಕರು.

ಎಲ್ಲರಿಗೂ ಇಂಥ ಮನೆ ಇರುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ ಹೇಳಿದ್ದು ಬೇರೆ. ಅವಳ ಅಪ್ಪ ಬಾಡಿಗೆಗೆ, ಇಲ್ಲವೇ ಭೋಗ್ಯಕ್ಕೆ ಅಂತ ಏಳು ಮನೆ ಬದಲಾಯಿಸಿದರಂತೆ. ಪ್ರತಿ ಸಲವೂ ಬಾಡಿಗೆಗಿಂತ ಮೊದಲು "ನೀವು ಯಾವ ಜನ?" ಎಂಬ ಪ್ರಶ್ನೆ. ಮಾಂಸ ಬೇಯಿಸುವ ದಿನ ಕಿಟಕಿ ಹಾಕಿಕೊಳ್ಳಬೇಕಿತ್ತು. ಅವಳಿಗೆ ಇಲ್ಲಿನ ಒಂದು ಕೋಣೆಯ ಬಾಡಿಗೆ ಮನೆಯೇ ಮೊದಲ ಮನೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿದ್ದ ಅವಳ ಅಪ್ಪನಿಗೆ, ಇಲ್ಲಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳಲು ಕಾನೂನೇ ಬಿಡುವುದಿಲ್ಲ ಎಂದರೆ ನಂಬಿಕೆ ಬರಲಿಲ್ಲವಂತೆ. ಹಾಗಂತ ಇದು ಸ್ವರ್ಗವೇನಲ್ಲ. ಮನೆ ಕೇಳಿ ಬರೆದ ಎಷ್ಟು ಪತ್ರಗಳಿಗೆ ಉತ್ತರವೇ ಬಂದಿಲ್ಲ ಎಂಬುದು ನಮಗೆಲ್ಲ ಗೊತ್ತು. ಸದ್ದು ಮಾಡಬಾರದ ಭಾನುವಾರ ಮಿಕ್ಸಿ ಹಾಕಿದ್ದಕ್ಕೆ ಬಾಗಿಲು ಬಡಿಸಿಕೊಂಡವರೂ ಇದ್ದೇವೆ. ಆದರೂ ಊರಿನ ಮನೆಯ ಬಗ್ಗೆ ಕಣ್ಣು ಒದ್ದೆ ಮಾಡಿಕೊಂಡು ಮಾತಾಡುವಾಗ ಆ ಹುಡುಗಿಯೂ ಪಂಕ್ತಿಯಲ್ಲಿ ಕೂತಿದ್ದಾಳೆ ಎಂಬುದು ನಮಗೆ ನೆನಪಿರಲಿ.

ಇನ್ನೊಂದು ಬಗೆಯವರಿದ್ದಾರೆ. ಬಂದು ಹದಿನೈದು ವರ್ಷ ಆದರೂ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. "ಹೇಗೂ ವಾಪಸ್ ಹೋಗ್ತೀವಲ್ಲ" ಎಂಬ ಉತ್ತರ ಸದಾ ರೆಡಿ. ಅತ್ತ ಊರಿನಲ್ಲಿ ಕಟ್ಟಿಸಿದ ಮನೆಗೆ ಬೀಗ, ಇಲ್ಲಿರುವ ಮನೆ ರೈಲ್ವೆ ಸ್ಟೇಷನ್ನಿನ ಹಾಗೆ. ನನಗೆ ಇದು ಸರಿ ಕಾಣುವುದಿಲ್ಲ. ಮಕ್ಕಳು ಬೆಳೆಯುತ್ತಿರುವುದು ಆ ಮೊಳೆ ಹೊಡೆಯದ ಗೋಡೆಗಳ ನಡುವೆ ಅಲ್ವಾ?

ಅಮ್ಮ ಮೊದಲ ಸಲ ಬಂದಾಗ ಇದಕ್ಕೆ ತದ್ವಿರುದ್ಧ ಮಾಡಿದರು. ಬಂದ ಮಾರನೇ ದಿನ ಬೆಳಿಗ್ಗೆ ಎದ್ದು, ನಮ್ಮ ಬಾಗಿಲ ಮುಂದೆ ಎಲ್ಲರೂ ಓಡಾಡುವ ಮೆಟ್ಟಿಲ ಜಾಗದಲ್ಲಿ ರಂಗೋಲಿ ಹಾಕಿದರು. ನಮ್ಮ ಈ ಸೀಮೆಯ 'ಕೇರ್‌ವೋಖೆ' ನಿಮಗೆ ಗೊತ್ತಲ್ಲ, ವಾರಕ್ಕೊಬ್ಬರು ಮೆಟ್ಟಿಲು ಗುಡಿಸಿ ಒರೆಸುವ ಸರದಿ. ಬಾಗಿಲಿಗೆ ಬೋರ್ಡು ಬಂದು ನೇತುಬಿದ್ದರೆ ಆ ವಾರ ನಮ್ಮದು. ಅವತ್ತು ಎದುರು ಮನೆಯ ಅಜ್ಜಿಯ ವಾರ. ಯಾವುದೋ ಮಗು ಸೀಮೆಸುಣ್ಣದಲ್ಲಿ ಗೀಚಿದೆ ಎಂದುಕೊಂಡು ಅವರು ಚೆನ್ನಾಗಿ ಒರೆಸಿ ಹಾಕಿದರು. ಅಮ್ಮ ಮರುದಿನ ಇನ್ನೂ ದೊಡ್ಡದು ಹಾಕಿದರು. ಅಜ್ಜಿ ಮತ್ತೆ ಒರೆಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಇಬ್ಬರೂ ಮಾಡುತ್ತಿದ್ದದ್ದು ಮನೆ ಮುಂದೆ ಚೊಕ್ಕಟ ಇಡುವ ಕೆಲಸವೇ. ನಾಲ್ಕನೇ ದಿನ ನಾನು ಹೋಗಿ ಅಜ್ಜಿಗೆ ವಿವರಿಸಿದೆ. "ಮೊದಲು ಒರೆಸಿ ಆಮೇಲೆ ಬರೆಯುತ್ತೀರಾ?" ಎಂದು ಕೇಳಿದರು. ಹೌದು ಅಂದೆ. ಹಾಗಾದರೆ ಅಡ್ಡಿ ಇಲ್ಲ ಅಂದರು.

ಈ ತಿಂಗಳ ಕೊನೆಗೆ ನಾವು ಆ ಮನೆ ಬಿಡುತ್ತಿದ್ದೇವೆ. ಹೊಸದರಲ್ಲಿ 'ಇ.ಬಿ.ಕೆ.' ಇದೆ. ಹಾಗಾಗಿ ಈ ಪತ್ರಿಕೆಯ ಸಂಪಾದಕಿಯ ಸ್ಥಾನವನ್ನು ಸ್ವಲ್ಪ ದುರುಪಯೋಗ ಮಾಡಿಕೊಂಡು ಒಂದು ಜಾಹೀರಾತು: ಅಡುಗೆಮನೆ ಮಾರಾಟಕ್ಕಿದೆ. ಉದ್ದ 2.80 ಮೀಟರ್. ಎಡಗಡೆಯ ಡ್ರಾಯರ್ ಸ್ವಲ್ಪ ಎತ್ತಿ ಎಳೆಯಬೇಕು. ಒಗ್ಗರಣೆಯ ವಾಸನೆ ಎಷ್ಟು ಉಜ್ಜಿದರೂ ಹೋಗಿಲ್ಲ, ಅದಕ್ಕೆ ಬೇರೆ ದುಡ್ಡಿಲ್ಲ. ಚೌಕಾಸಿ ಮಾಡಬಹುದು. ಆದರೆ ಬೇಡ ಅಂದರೆ ನಲ್ಲಿ ಸಮೇತ ಬಿಚ್ಚಿಕೊಂಡು ಹೋಗುತ್ತೇವೆ.