25 ತುಂಬಿದರೆ ಸಾಕೇ?

ಮಾನ್ಯರೇ,

ಶಾಸಕರಾಗಲು ಸಂವಿಧಾನ ಮುಖ್ಯವಾಗಿ ಕೇಳುವುದು ಭಾರತದ ಪೌರತ್ವ ಮತ್ತು 25 ವರ್ಷ ವಯಸ್ಸು. ಓದಿನ ಷರತ್ತಿಲ್ಲ. ಅದು ಸರಿಯೇ. ಚಿಂಚೋಳಿಯ ವೀರೇಂದ್ರ ಪಾಟೀಲ, ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿಗಳಾದ ಜಿಲ್ಲೆ ನಮ್ಮದು. ಆದರೂ ಕಟ್ಟೆ ಮೇಲಿನ ಮಾತೆಲ್ಲ ಜಾತಿ, ದುಡ್ಡು, ಯಾರ ಮಗ ಅನ್ನೋದರಲ್ಲೇ ಮುಗಿಯುತ್ತದೆ.

ನಾನಂತೂ ಮತ ಕೇಳಲು ಬಂದವರನ್ನು ಸಂವಿಧಾನದ 371(ಜೆ) ವಿಧಿಯ ಬಗ್ಗೆ ಕೇಳುತ್ತೇನೆ. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಅದು. ಓದು, ನೌಕರಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಮೀಸಲಾತಿ ಸಿಕ್ಕಿದ್ದು ಅದರಿಂದಲೇ. ಖಾಲಿ ಹುದ್ದೆ ಎಷ್ಟಿವೆ, ತುಂಬಿಸಲು ಏನು ಮಾಡ್ತೀರಿ ಎಂದರೆ ಕಳೆದ ಸಲ ಒಬ್ಬರು ‘ನೋಡೋಣ ರೀ’ ಎಂದು ಕೈಮುಗಿದು ಪಕ್ಕದ ಮನೆಗೆ ನಡೆದರು. ತೊಗರಿ ಗಿಡ ಒಣಗಿಸುವ ನೆಟೆ ರೋಗದ ಬಗ್ಗೆ ಕೇಳಲು ಪುರಸೊತ್ತೇ ಸಿಗಲಿಲ್ಲ. ಈ ಸಲ ಬಾಗಿಲಲ್ಲೇ ಕುರ್ಚಿ ಹಾಕಿಡುತ್ತೇನೆ.

– ಒಬ್ಬ ಮತದಾರ, ಕಲಬುರಗಿ